ತರ್ಕದ ಗಡಿ, ಖಾನ್ಕಾದ ದಾರಿ

ಇಸ್ಲಾಮೀ ಲೋಕದಲ್ಲಿ ತತ್ತ್ವಶಾಸ್ತ್ರವೂ ಸೂಫಿ ಅನುಭಾವವೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಒಂದೇ ಊರಿನಲ್ಲಿ ಬಲಿತವು. ಆ ಊರು ಬಗ್ದಾದ್. ಅಬ್ಬಾಸಿ ಖಲೀಫ ಅಲ್-ಮನ್ಸೂರ್ 762ರಲ್ಲಿ ಟೈಗ್ರಿಸ್ ನದಿಯ ದಂಡೆಯಲ್ಲಿ ಕಟ್ಟಿಸಲು ತೊಡಗಿದ ಈ ರಾಜಧಾನಿಗೆ ಮುಂದಿನ ಎರಡು ಶತಮಾನಗಳಲ್ಲಿ ಗ್ರೀಕರ ವೈದ್ಯ, ಗಣಿತ, ತರ್ಕ, ತತ್ತ್ವಗ್ರಂಥಗಳು ಅರಬ್ಬಿಯ ರೂಪದಲ್ಲಿ ಬಂದವು. ಕೆಲವು ನೇರವಾಗಿ, ಹಲವು ಸಿರಿಯಾಕ್ ಭಾಷೆಯನ್ನು ಹಾದು. ಹುನೈನ್ ಇಬ್ನ್ ಇಸ್‌ಹಾಕ್‌ರಂಥ ಕ್ರೈಸ್ತ ಅನುವಾದಕರ ಶ್ರಮ ಇದರ ಹಿಂದಿತ್ತು. ಅಲ್-ಕಿಂದಿ, ಆಮೇಲೆ 950ರಲ್ಲಿ ತೀರಿಕೊಂಡ ಅಲ್-ಫಾರಾಬಿ, ಈ ಅನುವಾದಗಳ ಮೇಲೆ ತಮ್ಮದೇ ದರ್ಶನ ಕಟ್ಟಿದರು.

ಈ ದಾರ್ಶನಿಕರು ಒಣ ತರ್ಕದವರು, ಸೂಫಿಗಳು ಮಾತ್ರ ಒಳಬಾಳಿನ ಚಿಂತೆಯವರು ಎಂಬ ರೂಢಿಯ ಮಾತು ಸರಿಯಲ್ಲ. ದುಃಖವನ್ನು ಕಳೆದುಕೊಳ್ಳುವುದು ಹೇಗೆಂದು ಅಲ್-ಕಿಂದಿ ಒಂದು ಪ್ರತ್ಯೇಕ ಪ್ರಬಂಧವನ್ನೇ ಬರೆದರು. ವೈದ್ಯರೂ ಆಗಿದ್ದ ಅಬು ಬಕರ್ ಅಲ್-ರಾಝಿ ಆತ್ಮದ ಚಿಕಿತ್ಸೆಯ ಬಗ್ಗೆ ಬರೆದ ಪುಸ್ತಕದಲ್ಲಿ ಕೋಪ, ಹೊಟ್ಟೆಕಿಚ್ಚು, ಸಾವಿನ ಭಯ ಎಲ್ಲಕ್ಕೂ ಮದ್ದಿದೆ. ತನ್ನ ದೋಷ ತನಗೆ ಕಾಣದಿರುವುದರಿಂದ ಮುಲಾಜಿಲ್ಲದೆ ಹೇಳುವ ಒಬ್ಬ ಗೆಳೆಯನನ್ನು ಇಟ್ಟುಕೊಳ್ಳಬೇಕೆಂಬ ಸಲಹೆಯೂ ಅಲ್ಲಿದೆ. ಫಾರಾಬಿಯವರ ಪ್ರಕಾರ ಮನುಷ್ಯನ ಬುದ್ಧಿ ಹಂತಹಂತವಾಗಿ ಪಕ್ವವಾಗಿ ಮೇಲಿನ ಬುದ್ಧಿತತ್ತ್ವದೊಡನೆ ಸಂಪರ್ಕ ಪಡೆಯುವುದೇ ಪರಮ ಸುಖ. ಅಂದರೆ ಸರಿಯಾಗಿ ತಿಳಿದವನು ಸರಿಯಾಗುತ್ತಾನೆ. ಸೂಫಿಗಳು ಒಪ್ಪದೆ ಉಳಿದದ್ದು ಈ ಒಂದು ಮಾತನ್ನು.

ಅದೇ ಬಗ್ದಾದಿನ ಬೇರೆ ಬೀದಿಗಳಲ್ಲಿ ಇನ್ನೊಂದು ಪಾಠ ನಡೆದಿತ್ತು. 857ರಲ್ಲಿ ತೀರಿಕೊಂಡ ಅಲ್-ಮುಹಾಸಿಬಿ ದಿನದ ಕೊನೆಗೆ ಮನಸ್ಸಿನ ಲೆಕ್ಕ ಒಪ್ಪಿಸಿಕೊಳ್ಳುವುದನ್ನು ಒಂದು ಶಿಸ್ತಾಗಿ ಕಲಿಸಿದರು. ಉಪವಾಸ ಮಾಡಿದವನೊಳಗೆ ಉಪವಾಸ ಮಾಡಿದೆನೆಂಬ ಹೆಮ್ಮೆ ಹೇಗೆ ನುಸುಳುತ್ತದೆ, ಆ ಹೆಮ್ಮೆಯನ್ನು ಹಳಿದುಕೊಳ್ಳುವಾಗ ಹಳಿದುಕೊಂಡೆನೆಂಬ ಇನ್ನೊಂದು ಹೆಮ್ಮೆ ಹೇಗೆ ಹುಟ್ಟುತ್ತದೆ ಎಂಬಷ್ಟು ನವಿರಾದ ವಿಶ್ಲೇಷಣೆ ಅವರದು. ರೇಷ್ಮೆಯ ವ್ಯಾಪಾರಿಯಾಗಿದ್ದ ಜುನೈದ್ (ಮರಣ 910) ಈ ಪಂಥದ ಸಮಚಿತ್ತದ ಗುರು. ಉನ್ಮಾದದ ಮಾತುಗಳಿಗೆ ಹೆಸರಾದ ಹಲ್ಲಾಜ್‌ರನ್ನು 922ರಲ್ಲಿ ಇದೇ ನಗರದಲ್ಲಿ ಕೊಂದರು. ಪಶ್ಚಾತ್ತಾಪ, ಸಹನೆ, ಕೃತಜ್ಞತೆ, ದೇವರಲ್ಲಿ ಭರವಸೆ ಮೊದಲಾದವು ಸಾಧಕನು ದುಡಿದು ಗಳಿಸಬೇಕಾದ ನೆಲೆಗಳು. ಆನಂದ, ಭೀತಿ, ಸಾಮೀಪ್ಯದಂಥವು ತಾವಾಗಿ ಬಂದು ಹೋಗುವ ಸ್ಥಿತಿಗಳು ಎಂಬ ವಿಂಗಡಣೆ ನಿಧಾನವಾಗಿ ನೆಲೆಗೊಂಡಿತು. ನಿಶಾಪುರದ ಅಲ್-ಕುಶೈರಿ 1045ರ ಸುಮಾರಿಗೆ ಬರೆದ ರಿಸಾಲಾ ಈ ಪರಿಭಾಷೆಯನ್ನೆಲ್ಲ ಒಂದೆಡೆ ತಂದಿತು.

ಎರಡೂ ಧಾರೆಗಳು ಮುಖಾಮುಖಿಯಾದ ಒಂದು ಕಥೆ ಖುರಾಸಾನಿನದು. ದಾರ್ಶನಿಕ ಇಬ್ನ್ ಸೀನಾ (980–1037) ಸೂಫಿ ಸಂತ ಅಬು ಸಈದ್ ಅಬುಲ್ ಖೈರ್ (967–1049) ಅವರನ್ನು ಕಂಡು ದೀರ್ಘವಾಗಿ ಏಕಾಂತದಲ್ಲಿ ಮಾತಾಡಿದರಂತೆ. ಹೊರಬಂದ ಮೇಲೆ ಶಿಷ್ಯರು ಕೇಳಿದಾಗ, ನನಗೆ ತಿಳಿದಿರುವುದನ್ನೆಲ್ಲ ಅವರು ಕಾಣುತ್ತಾರೆಂದು ದಾರ್ಶನಿಕರೂ, ನಾನು ಕಾಣುವುದನ್ನೆಲ್ಲ ಅವರು ಬಲ್ಲರೆಂದು ಸಂತರೂ ಹೇಳಿದರಂತೆ. ಸಂತರು ತೀರಿ ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಅವರ ವಂಶಜರೊಬ್ಬರು ಬರೆದ ಚರಿತ್ರೆಯಲ್ಲಿ ಬರುವ ಪ್ರಸಂಗವಿದು; ಭೇಟಿ ನಡೆದಿತ್ತೇ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಆದರೆ ಇಬ್ನ್ ಸೀನಾ ತಮ್ಮ ಕೊನೆಗಾಲದ ಇಶಾರಾತ್ ಗ್ರಂಥದ ಅಂತ್ಯಭಾಗದಲ್ಲಿ ಅನುಭಾವಿಗಳ ನೆಲೆಗಳನ್ನು ಗೌರವದಿಂದ, ವ್ಯವಸ್ಥಿತವಾಗಿ ವರ್ಣಿಸಿದ್ದಂತೂ ನಿಜ. ಹೊರಗೆ ನಿಂತು ಇಷ್ಟು ಚೆನ್ನಾಗಿ ವರ್ಣಿಸಬಹುದಾದರೆ ಒಳಗೆ ಹೋಗಬೇಕೇಕೆ ಎಂಬ ಪ್ರಶ್ನೆ ಅಲ್ಲಿಂದಲೇ ಏಳುತ್ತದೆ.

ಅದಕ್ಕೆ ಉತ್ತರವನ್ನು ಬರೀ ವಾದದಲ್ಲಿ ಹೇಳದೆ ತಮ್ಮ ಬಾಳಿನ ಮೇಲೆ ಪ್ರಯೋಗಿಸಿಕೊಂಡವರು ಅಬು ಹಾಮಿದ್ ಅಲ್-ಗಜಾಲಿ. ಇರಾನಿನ ಈಶಾನ್ಯದ ತೂಸ್‌ನಲ್ಲಿ 1058ರಲ್ಲಿ ಹುಟ್ಟಿದ ಇವರು ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು ತಮ್ಮ ಅಹ್ಮದ್‌ನೊಡನೆ ಮದ್ರಸಾದ ಅನ್ನದಲ್ಲಿ ಓದಿದರು. ಜುರ್ಜಾನಿನಲ್ಲಿ ಓದು ಮುಗಿಸಿ ಊರಿಗೆ ಮರಳುವಾಗ ದರೋಡೆಕೋರರು ಗುಂಪನ್ನು ದೋಚಿದರೆಂದೂ, ಗಜಾಲಿ ಅವರ ಬೆನ್ನು ಹತ್ತಿ, ಬೇರೇನೂ ಬೇಡ, ಪಾಠದ ಟಿಪ್ಪಣಿಗಳ ಗಂಟನ್ನಾದರೂ ಕೊಡಿ, ನನ್ನ ವಿದ್ಯೆಯೆಲ್ಲ ಅದರಲ್ಲಿದೆ ಎಂದು ಬೇಡಿಕೊಂಡರೆಂದೂ ಕಥೆಯಿದೆ. ಕಳ್ಳರ ನಾಯಕ ನಕ್ಕನಂತೆ: ಗಂಟು ಹೋದರೆ ಹೋಗುವ ವಿದ್ಯೆ ನಿನ್ನದು ಹೇಗಾಯಿತು? ಗಂಟನ್ನು ಹಿಂದಿರುಗಿಸಿಯೂ ಬಿಟ್ಟ. ಗಜಾಲಿ ಮುಂದಿನ ಮೂರು ವರ್ಷ ಆ ಟಿಪ್ಪಣಿಗಳನ್ನೆಲ್ಲ ಬಾಯಿಪಾಠ ಮಾಡಿದರು. ಕಳ್ಳನ ಪ್ರಶ್ನೆಗೆ ಬಾಯಿಪಾಠ ಪೂರ್ತಿ ಉತ್ತರವಲ್ಲವೆಂಬುದು ಅವರಿಗೆ ಹೊಳೆಯಲು ಇನ್ನೂ ಸಮಯ ಬೇಕಿತ್ತು.

ನಿಶಾಪುರದಲ್ಲಿ ಅಲ್-ಜುವೈನಿಯವರ ಶಿಷ್ಯರಾಗಿ, ಆಮೇಲೆ ಸೆಲ್ಜೂಕರ ಪ್ರಬಲ ವಜೀರ ನಿಜಾಮುಲ್ ಮುಲ್ಕ್‌ನ ಆಸ್ಥಾನದಲ್ಲಿ ವಾದಪಟುವಾಗಿ ಹೆಸರು ಮಾಡಿದ ಗಜಾಲಿ 1091ರಲ್ಲಿ ಬಗ್ದಾದಿನ ನಿಜಾಮಿಯಾ ಮದ್ರಸಾದ ಪ್ರಧಾನ ಪೀಠಕ್ಕೆ ಬಂದರು. ಆಗ ಅವರಿಗೆ 33 ವರ್ಷ. ಎದುರಿಗೆ 300 ವಿದ್ಯಾರ್ಥಿಗಳು ಕೂರುತ್ತಿದ್ದರು. ಪಾಠದ ನಡುವಿನ ಬಿಡುವಿನಲ್ಲಿ, ಗುರುವಿಲ್ಲದೆ, ಎರಡು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ದಾರ್ಶನಿಕರ ಗ್ರಂಥಗಳನ್ನು ಓದಿ ಅರಗಿಸಿಕೊಂಡೆನೆಂದೂ, ಇನ್ನೊಂದು ವರ್ಷದಷ್ಟು ಕಾಲ ಅದನ್ನೇ ಮೆಲುಕು ಹಾಕಿದೆನೆಂದೂ ಅವರು ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ. ಫಲವಾಗಿ ಎರಡು ಪುಸ್ತಕಗಳು ಬಂದವು. ಒಂದು ದಾರ್ಶನಿಕರ ಮತಗಳ ಸಂಗ್ರಹ. ಅದರ ಲ್ಯಾಟಿನ್ ಅನುವಾದ ಮುನ್ನುಡಿಯಿಲ್ಲದೆ ಯುರೋಪಿನಲ್ಲಿ ಹರಡಿದ್ದರಿಂದ ಅಲ್ಲಿನ ವಿದ್ವಾಂಸರು ಗಜಾಲಿಯನ್ನು ಇಬ್ನ್ ಸೀನಾರ ಅನುಯಾಯಿಯೆಂದೇ ಬಹುಕಾಲ ನಂಬಿದ್ದರು. ಇನ್ನೊಂದು 1095ರ ಆರಂಭದಲ್ಲಿ ಮುಗಿದ ತಹಾಫುತ್ ಅಲ್-ಫಲಾಸಿಫಾ. ಅದರಲ್ಲಿ 20 ವಿಷಯಗಳ ಖಂಡನೆಯಿದೆ. 17ರಲ್ಲಿ ದಾರ್ಶನಿಕರು ದಾರಿ ತಪ್ಪಿದರೆಂದಷ್ಟೇ ತೀರ್ಪು. ಜಗತ್ತು ಅನಾದಿ, ದೇವರಿಗೆ ಬಿಡಿ ಸಂಗತಿಗಳ ಅರಿವು ಸಾಮಾನ್ಯ ನಿಯಮಗಳ ಮೂಲಕವಷ್ಟೇ, ದೇಹಗಳಿಗೆ ಪುನರುತ್ಥಾನವಿಲ್ಲ ಎಂಬ ಮೂರರಲ್ಲಿ ಮಾತ್ರ ಧರ್ಮಬಾಹಿರರೆಂಬ ತೀರ್ಪು.

ಈ ಪುಸ್ತಕವನ್ನು ಬುದ್ಧಿಯ ಮೇಲಿನ ದಾಳಿಯೆಂದು ಓದುವುದು ಸುಲಭ, ಹಾಗೆ ಓದಿದವರೂ ಬಹಳ. ಗಜಾಲಿ ಖಂಡಿಸಿದ್ದು ತರ್ಕವನ್ನಲ್ಲ. ತತ್ತ್ವಮೀಮಾಂಸೆಯ ಸಿದ್ಧಾಂತಗಳು ಗಣಿತದಷ್ಟೇ ನಿಶ್ಚಿತವಾಗಿ ಸಿದ್ಧವಾಗಿವೆಯೆಂಬ ದಾರ್ಶನಿಕರ ಹೇಳಿಕೆಯನ್ನು. ಅದನ್ನು ಖಂಡಿಸಿದ್ದೂ ಅವರದೇ ತರ್ಕದ ಅಳತೆಗೋಲಿನಿಂದ. ಗಣಿತವನ್ನೂ ಗ್ರಹಣದ ಲೆಕ್ಕಾಚಾರವನ್ನೂ ಧರ್ಮದ ಹೆಸರಿನಲ್ಲಿ ಅಲ್ಲಗಳೆಯುವವನು ಇಸ್ಲಾಮಿನ ಅಜ್ಞಾನಿ ಮಿತ್ರನೆಂದು ಅವರು ಬೈದಿದ್ದಾರೆ. ಕೊನೆಗಾಲದಲ್ಲಿ ಬರೆದ ನ್ಯಾಯಮೀಮಾಂಸೆಯ ಗ್ರಂಥಕ್ಕೂ ತರ್ಕಶಾಸ್ತ್ರದ ಪೀಠಿಕೆಯನ್ನೇ ಇಟ್ಟು, ಅದನ್ನರಿಯದವನ ವಿದ್ಯೆ ಭರವಸೆಗೆ ಯೋಗ್ಯವಲ್ಲವೆಂದರು. ಮುಂದೆ ಮದ್ರಸಾಗಳಲ್ಲಿ ಅರಿಸ್ಟಾಟಲನ ತರ್ಕ ಬೇರೂರಿದ್ದಕ್ಕೆ ಅವರ ಈ ಒಪ್ಪಿಗೆಯೂ ಒಂದು ಕಾರಣ.

ತಹಾಫುತ್ ಮುಗಿದು ಕೆಲವೇ ತಿಂಗಳಿಗೆ ಬಿಕ್ಕಟ್ಟು ಬಂತು. ಅಬು ತಾಲಿಬ್ ಅಲ್-ಮಕ್ಕಿ, ಮುಹಾಸಿಬಿ, ಜುನೈದ್ ಮೊದಲಾದವರ ಬರಹಗಳನ್ನು ಗಜಾಲಿ ಆ ಹೊತ್ತಿಗೆ ಓದಿ ಮುಗಿಸಿದ್ದರು. ಓದಿನಿಂದ ಸಿಗುವುದೆಲ್ಲ ಸಿಕ್ಕಿತ್ತು. ಉಳಿದದ್ದು ಓದಿನಿಂದ ಸಿಗುವಂಥದ್ದಾಗಿರಲಿಲ್ಲ. ಆರೋಗ್ಯದ ಲಕ್ಷಣ, ಕಾರಣಗಳನ್ನೆಲ್ಲ ಬಲ್ಲ ವೈದ್ಯ ತಾನೇ ಕಾಯಿಲೆ ಬಿದ್ದಿರಬಹುದು, ಅಮಲಿನ ವ್ಯಾಖ್ಯೆ ಗೊತ್ತಿಲ್ಲದವನೇ ಅಮಲಿನಲ್ಲಿರಬಹುದು ಎಂಬ ನಿದರ್ಶನ ಅವರದೇ. ವೈರಾಗ್ಯವೆಂದರೇನೆಂದು ವಿವರಿಸುವುದು ಬೇರೆ, ಲೋಕದಿಂದ ಮನಸ್ಸು ಕಳಚಿಕೊಳ್ಳುವುದು ಬೇರೆ. ಈ ಅಳತೆಯನ್ನು ತಮ್ಮ ಮೇಲೆಯೇ ಹಿಡಿದಾಗ ಕಂಡದ್ದು ಹಿತವಾಗಿರಲಿಲ್ಲ. ಪಾಠ ಹೇಳುತ್ತಿದ್ದದ್ದು ಕೀರ್ತಿಗಾಗಿ. ಪೀಠ ಬಿಡಬೇಕೆಂದು ಬೆಳಿಗ್ಗೆ ನಿರ್ಧರಿಸಿದರೆ ಸಂಜೆಗೆ ನಿರ್ಧಾರ ಕರಗುತ್ತಿತ್ತು. ಹಿಜರಿ 488ರ ರಜಬ್ ತಿಂಗಳು, ಅಂದರೆ 1095ರ ಜುಲೈಯಿಂದ ಸುಮಾರು ಆರು ತಿಂಗಳು ಈ ತುಯ್ದಾಟ ನಡೆಯಿತು. ಒಂದು ಹಂತದಲ್ಲಿ ನಾಲಿಗೆಯೇ ಹೊರಳದಾಯಿತು. ವಿದ್ಯಾರ್ಥಿಗಳ ಮುಂದೆ ಕುಳಿತರೂ ಮಾತು ಹೊರಡದು. ಗುಟುಕು ನೀರೂ ತುತ್ತು ಅನ್ನವೂ ಒಳಗೆ ಹೋಗದಾದಾಗ ವೈದ್ಯರು ಇದು ಮನಸ್ಸಿನಿಂದ ಮೈಗಿಳಿದ ರೋಗ, ಮದ್ದಿಲ್ಲ ಎಂದು ಕೈಚೆಲ್ಲಿದರು.

ನವೆಂಬರಿನಲ್ಲಿ ಅವರು ಹಜ್ ಯಾತ್ರೆಯ ನೆಪ ಹೇಳಿ ಬಗ್ದಾದ್ ಬಿಟ್ಟರು. ಹೆಂಡತಿ ಮಕ್ಕಳ ನಿರ್ವಾಹಕ್ಕೆ ಬೇಕಾದಷ್ಟನ್ನು ಉಳಿಸಿ ಸಂಪತ್ತನ್ನು ಹಂಚಿದರು. ದಮಾಸ್ಕಸಿನ ಉಮಯ್ಯದ್ ಮಸೀದಿಯ ಮಿನಾರಿನಲ್ಲಿ ಬಾಗಿಲು ಹಾಕಿಕೊಂಡು ದಿನಗಟ್ಟಲೆ ಏಕಾಂತದಲ್ಲಿ ಕಳೆದರು. ಜೆರುಸಲೇಮಿಗೆ, ಹೆಬ್ರಾನಿನ ಇಬ್ರಾಹೀಮರ ಸಮಾಧಿಗೆ, ಅಲ್ಲಿಂದ ಮಕ್ಕಾ ಮದೀನಾಗಳಿಗೆ ಹೋದರು. ದೊರೆಗಳ ಬಳಿಗೆ ಹೋಗುವುದಿಲ್ಲ, ಅವರ ಹಣ ಮುಟ್ಟುವುದಿಲ್ಲ, ವಾದಕ್ಕೆ ನಿಲ್ಲುವುದಿಲ್ಲವೆಂದು ಹೆಬ್ರಾನಿನಲ್ಲಿ ಶಪಥ ಮಾಡಿದರು. 1092ರಲ್ಲಿ ನಿಜಾಮುಲ್ ಮುಲ್ಕ್‌ನ ಕೊಲೆಯಾಗಿ, ಅದೇ ವರ್ಷ ಸುಲ್ತಾನನೂ ಸತ್ತು, ಪಟ್ಟಕ್ಕಾಗಿ ಕಿತ್ತಾಟ ನಡೆದಿದ್ದ ಕಾಲವದು. ಹಾಗಾಗಿ ಈ ನಿರ್ಗಮನಕ್ಕೆ ರಾಜಕೀಯದ ಭಯವೇ ನಿಜವಾದ ಕಾರಣವೆಂದು ವಾದಿಸುವ ಇತಿಹಾಸಕಾರರಿದ್ದಾರೆ. ಭಯವೂ ಇದ್ದಿರಬಹುದು. ಆದರೆ ಬರೀ ಭಯಪಟ್ಟವನು ಇನ್ನೊಬ್ಬ ಆಶ್ರಯದಾತನನ್ನು ಹುಡುಕುತ್ತಿದ್ದ, ಹತ್ತು ವರ್ಷ ಪೀಠದಿಂದ ದೂರ ಉಳಿಯುತ್ತಿರಲಿಲ್ಲ.

ಈ ಅಲೆದಾಟದ ವರ್ಷಗಳಲ್ಲಿ ಬೆಳೆದ ಇಹ್ಯಾ ಉಲೂಮುದ್ದೀನ್ 40 ಪುಸ್ತಕಗಳ ಬೃಹತ್ ಕೃತಿ. ಶೌಚ, ಊಟ, ಮದುವೆ, ವ್ಯಾಪಾರದಿಂದ ಹಿಡಿದು ದೈವಪ್ರೇಮ, ಮರಣಸ್ಮರಣೆಯವರೆಗೆ ಇಲ್ಲಿ ಎಲ್ಲವೂ ಬರುತ್ತದೆ. ಇದರಲ್ಲಿ ಒಂದು ವಿಪರ್ಯಾಸವೂ ಇದೆ. ದಾರ್ಶನಿಕರ ನೀತಿಶಾಸ್ತ್ರವೆಲ್ಲ ಸೂಫಿಗಳಿಂದ ಎರವಲು ತಂದದ್ದೆಂದು ಹೇಳಿದ ಗಜಾಲಿಯವರೇ ಮನಸ್ಸನ್ನು ಪಳಗಿಸುವ ಅಧ್ಯಾಯಗಳಲ್ಲಿ ದಾರ್ಶನಿಕ ಮಿಸ್ಕವೈಹ್ ಅವರ ನೀತಿಗ್ರಂಥದಿಂದ ಧಾರಾಳವಾಗಿ ತೆಗೆದುಕೊಂಡಿದ್ದಾರೆ. ವಿವೇಕ, ಧೈರ್ಯ, ಸಂಯಮ, ನ್ಯಾಯ ಎಂಬ ನಾಲ್ಕು ಸದ್ಗುಣಗಳ ಚೌಕಟ್ಟು ಗ್ರೀಕರದೇ.

ಹೊಸತಾಗಿ ಸೇರಿದ್ದು ಚಿಕಿತ್ಸೆಯ ಕ್ರಮ. ಗುರು ಪ್ರತಿಯೊಬ್ಬ ಶಿಷ್ಯನ ರೋಗವನ್ನು ನೋಡಿ ಮದ್ದು ಕೊಡಬೇಕು. ಎಲ್ಲರಿಗೂ ಒಂದೇ ಪಾಠವೆಂಬುದಿಲ್ಲ. ಬಟ್ಟೆಬರೆಯ ಶೋಕಿಯವನನ್ನು ಪಾಯಿಖಾನೆ ತೊಳೆಯಲು, ಅಡುಗೆಮನೆಯ ಹೊಗೆಯಲ್ಲಿ ದುಡಿಯಲು ಹಚ್ಚಬೇಕು. ಸೊಕ್ಕಿನವನನ್ನು ಬಜಾರಿಗೆ ಭಿಕ್ಷೆಗೆ ಕಳಿಸಬೇಕು. ಸೂಫಿ ಬಾಯಜೀದ್ ಬಿಸ್ತಾಮಿಯವರ ಒಂದು ಪ್ರಸಂಗವನ್ನು ಅವರು ಹೇಳುತ್ತಾರೆ. ಮೂವತ್ತು ವರ್ಷ ಹಗಲು ಉಪವಾಸ, ರಾತ್ರಿ ಜಾಗರಣೆ ಮಾಡಿಯೂ ಒಳಗೆ ಏನೂ ಕಾಣಲಿಲ್ಲವೆಂದು ಊರಿನ ಗೌರವಸ್ಥನೊಬ್ಬ ಬಂದು ಹೇಳಿಕೊಂಡ. ಬಾಯಜೀದ್ ಹೇಳಿದ ಉಪಾಯ ಹೀಗಿತ್ತು: ತಲೆ ಗಡ್ಡ ಬೋಳಿಸಿ, ಈ ಉಡುಪು ತೆಗೆದು ಕಂಬಳಿ ಸುತ್ತಿಕೊಂಡು, ಕೊರಳಿಗೆ ಅಕ್ರೋಟಿನ ಚೀಲ ನೇತುಹಾಕಿಕೊಂಡು, ನಿನ್ನನ್ನು ಬಲ್ಲವರೆಲ್ಲ ಇರುವ ಬಜಾರಿಗೆ ಹೋಗಿ, ಒಂದು ಏಟು ಹೊಡೆದವರಿಗೆ ಒಂದು ಅಕ್ರೋಟು ಎಂದು ಹುಡುಗರನ್ನು ಕರೆ. ಆತ ದೇವರ ನಾಮ ಎತ್ತಿ ಉದ್ಗರಿಸಿದ. ಬೇರೇನಾದರೂ ಹೇಳಿ, ಇದಾಗದು ಎಂದ. ಬೇರೆ ಯಾವುದಕ್ಕೂ ಮೊದಲು ಇದೇ ಆಗಬೇಕೆಂದರು ಬಾಯಜೀದ್. ಸೊಕ್ಕು ಕೆಟ್ಟದ್ದೆಂದು ಸಿದ್ಧಪಡಿಸುವ ನ್ಯಾಯವಾಕ್ಯವನ್ನು ಆ ಗೌರವಸ್ಥ ತಡವಿಲ್ಲದೆ ಒಪ್ಪುತ್ತಿದ್ದ. ಅಕ್ರೋಟಿನ ಚೀಲ ಅವನಿಗೆ ಭಾರವಾಯಿತು.

ಗಜಾಲಿ 1106ರಲ್ಲಿ ವಜೀರನ ಒತ್ತಾಯಕ್ಕೆ ನಿಶಾಪುರದ ಪೀಠಕ್ಕೆ ಮರಳಿದರು; ಶಪಥ ಮುರಿದ ಮುಜುಗರವನ್ನು ಆತ್ಮಕಥನದಲ್ಲಿ ಸಮರ್ಥನೆಯೊಂದಿಗೆ ಬರೆದುಕೊಂಡಿದ್ದಾರೆ. ಕೊನೆಗೆ ತೂಸ್‌ನಲ್ಲಿ ಮನೆಯ ಪಕ್ಕ ವಿದ್ಯಾರ್ಥಿಗಳಿಗೊಂದು ಮದ್ರಸಾ, ಸೂಫಿಗಳ ವಾಸ, ಸಾಧನೆಗೊಂದು ಖಾನ್ಕಾ ಕಟ್ಟಿಸಿ 1111ರ ಡಿಸೆಂಬರಿನಲ್ಲಿ ತೀರಿಕೊಂಡರು.

ಪುಸ್ತಕದ ಮಿತಿಯನ್ನು ಹೇಳಿದ ಪುಸ್ತಕಕ್ಕೂ ಅದೇ ಮಿತಿ ಇದೆಯೆಂದು ತೋರಲು ಹೆಚ್ಚು ಕಾಲ ಹಿಡಿಯಲಿಲ್ಲ. ಹಮದಾನಿನ ತರುಣ ನ್ಯಾಯಾಧೀಶ ಐನುಲ್ ಕುಜಾತ್ ಮತಶಾಸ್ತ್ರದ ವಾದಗಳಲ್ಲಿ ಕಂಗೆಟ್ಟು, ಗಜಾಲಿಯವರ ಗ್ರಂಥಗಳನ್ನು ನಾಲ್ಕು ವರ್ಷದಷ್ಟು ಕಾಲ ಓದಿ ಗುರಿ ಮುಟ್ಟಿದೆನೆಂದು ತಿಳಿದಿದ್ದರು. ಗಜಾಲಿಯವರ ತಮ್ಮ ಅಹ್ಮದ್ ಆ ಊರಿಗೆ ಬಂದಾಗ ಇಪ್ಪತ್ತು ದಿನದೊಳಗಿನ ಸಹವಾಸದಲ್ಲಿ ಆದದ್ದು ನಾಲ್ಕು ವರ್ಷದ ಓದಿನಲ್ಲಿ ಆಗಿರಲಿಲ್ಲವೆಂದು ಅವರು ಬರೆದರು. ಬುದ್ಧಿಯ ಆಚೆಗೊಂದು ಹಂತವಿದೆ, ಕಾವ್ಯದ ರುಚಿ ಹುಟ್ಟಾ ಇಲ್ಲದವನಿಗೆ ಅದನ್ನು ವಾದಿಸಿ ಕೊಡಲಾಗದಂತೆ ಇದನ್ನೂ ಕೊಡಲಾಗದೆಂಬುದು ಅವರ ನಿಲುವು. 1131ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲಿರುವಾಗಲೇ, ಧರ್ಮದ್ರೋಹದ ಆರೋಪದಲ್ಲಿ ಅವರಿಗೆ ಮರಣದಂಡನೆಯಾಯಿತು. ಆರೋಪದ ಬೆನ್ನಿಗೆ ಆಸ್ಥಾನದ ದ್ವೇಷವೂ ಇತ್ತು.

ಪಶ್ಚಿಮದ ಆಂದಲೂಸಿನಲ್ಲಿ ಇಹ್ಯಾ 1109ರಲ್ಲಿ ಕೊರ್ದೋಬಾದಲ್ಲಿ ಬೆಂಕಿ ಕಂಡಿತ್ತು. ಸುಡಿಸಿದವರು ದಾರ್ಶನಿಕರಲ್ಲ, ಕರ್ಮಠ ನ್ಯಾಯಶಾಸ್ತ್ರಿಗಳು. ಮುಂದೆ ಅಲ್ಲಿಯೇ ಇಬ್ನ್ ರುಷ್ದ್ (1126–1198) ತಹಾಫುತ್‌ಗೆ ಸಾಲುಸಾಲಾಗಿ ಉತ್ತರ ಬರೆದರು. ಅವರ ಹಿರಿಯ ಸಮಕಾಲೀನ ಇಬ್ನ್ ತುಫೈಲ್ ಅವರ ಕಥೆಯಲ್ಲಿ ದ್ವೀಪದಲ್ಲಿ ಒಂಟಿಯಾಗಿ ಬೆಳೆದ ಹೈ ಎಂಬಾತ ಬರೀ ಬುದ್ಧಿಯಿಂದ ದೇವರವರೆಗೆ ಯೋಚಿಸಿ ಮುಟ್ಟುತ್ತಾನೆ. ಆದರೆ ಅಲ್ಲಿಗೆ ನಿಲ್ಲದೆ ಗುಹೆಯಲ್ಲಿ ಕುಳಿತು, ಊಟ ಇಳಿಸಿ, ಸಾಧನೆಗೆ ತೊಡಗುತ್ತಾನೆ. ಕಥೆ ಬರೆದ ದಾರ್ಶನಿಕರಿಗೇ ತರ್ಕದ ಕೊನೆಯ ಮೆಟ್ಟಿಲ ಮೇಲೆ ಇನ್ನೊಂದು ಮೆಟ್ಟಿಲು ಬೇಕಾಗಿತ್ತು.

ಇಬ್ನ್ ಅರಬಿ (1165–1240) ಮತ್ತು ಇಬ್ನ್ ರುಷ್ದ್ ಭೇಟಿ ಈ ಚರಿತ್ರೆಯ ಅತಿ ಹೆಸರಾದ ಪ್ರಸಂಗ. ಮೀಸೆ ಮೂಡದ ಹುಡುಗನಿಗೆ ಏಕಾಂತದಲ್ಲಿ ಏನೋ ಕಂಡಿದೆಯೆಂಬ ಸುದ್ದಿ ಕೇಳಿ ಕೊರ್ದೋಬಾದ ಹಿರಿಯ ದಾರ್ಶನಿಕರು ಅವನನ್ನು ಕರೆಸಿದರು. ಬಾಗಿಲಲ್ಲೇ ಎದ್ದು ಬಂದು ಅಪ್ಪಿಕೊಂಡು, ಪ್ರಶ್ನೆಯನ್ನೇ ಬಿಡಿಸಿ ಹೇಳದೆ, ಹೌದೇ ಎಂದರು. ಹುಡುಗ ಹೌದೆಂದ, ಅವರ ಮುಖ ಅರಳಿತು. ಅರಳಿದ್ದೇಕೆಂದು ತಿಳಿದ ಹುಡುಗ ಇಲ್ಲವೆಂದ. ಮುಖದ ಬಣ್ಣ ಇಳಿಯಿತು. ಚಿಂತನೆಯಿಂದ ನಮಗೆ ಸಿಕ್ಕಿದ್ದೂ ನಿನಗೆ ಕಂಡದ್ದೂ ಒಂದೇ ತಾನೇ ಎಂಬ ಪ್ರಶ್ನೆಗೆ ಉತ್ತರ ಹೌದು ಮತ್ತು ಇಲ್ಲ ಎರಡೂ ಆಗಿತ್ತು. ಇದನ್ನು ದಾಖಲಿಸಿದವರು ಇಬ್ನ್ ಅರಬಿಯೊಬ್ಬರೇ, ಅದೂ ಎಷ್ಟೋ ವರ್ಷಗಳ ಮೇಲೆ. ಗೆದ್ದವರು ಬರೆದ ವರದಿಯೆಂಬುದನ್ನು ಓದುಗರು ಮರೆಯಬಾರದು. ಅವರೇ ಕೊಟ್ಟ ಇನ್ನೊಂದು ಚಿತ್ರ ಹೆಚ್ಚು ನಂಬಿಕೆಗೆ ಅರ್ಹ. ಮರ್ರಾಕೆಶಿನಲ್ಲಿ ತೀರಿಕೊಂಡ ಇಬ್ನ್ ರುಷ್ದರ ದೇಹವನ್ನು ಕೊರ್ದೋಬಾಕ್ಕೆ ಸಾಗಿಸಿದಾಗ ಹೇರುಪ್ರಾಣಿಯ ಒಂದು ಬದಿಗೆ ಶವಪೆಟ್ಟಿಗೆ, ಇನ್ನೊಂದು ಬದಿಗೆ ಸಮತೂಕಕ್ಕೆಂದು ಅವರು ಬರೆದ ಪುಸ್ತಕಗಳನ್ನು ಕಟ್ಟಿದ್ದರು. ಇಬ್ನ್ ಅರಬಿ ಅಲ್ಲಿ ನಿಂತು ನೋಡಿದರು.

ಪೂರ್ವದಲ್ಲಿ ಎರಡೂ ದಾರಿಗಳನ್ನು ಕೂಡಿಸುವ ಯತ್ನಗಳು ಆಗಲೇ ನಡೆದಿದ್ದವು. ಶಿಹಾಬುದ್ದೀನ್ ಸುಹ್ರವರ್ದಿ 1186ರಲ್ಲಿ ಮುಗಿಸಿದ ಬೆಳಕಿನ ದರ್ಶನದಲ್ಲಿ ತರ್ಕ ಸಾಧಕನ ತಯಾರಿ ಮಾತ್ರ. ಗ್ರಂಥವನ್ನು ಓದುವ ಮೊದಲು ನಲವತ್ತು ದಿನದ ವ್ರತ ಬೇಕೆಂದು ಅವರು ವಿಧಿಸಿದರು. ಅರಿಸ್ಟಾಟಲ್ ತಮ್ಮ ಕನಸಿನಲ್ಲಿ ಬಂದು ನಿಜವಾದ ದಾರ್ಶನಿಕರೆಂದು ಬಾಯಜೀದ್‌ರಂಥ ಸೂಫಿಗಳನ್ನು ಹೊಗಳಿದನೆಂದೂ ಬರೆದಿದ್ದಾರೆ. 1191ರಲ್ಲಿ ಅಲೆಪ್ಪೋದಲ್ಲಿ ಅವರನ್ನು ಕೊಲ್ಲಿಸಲಾಯಿತು. ಇಬ್ನ್ ಅರಬಿಯವರ ಶಿಷ್ಯ ಸದ್ರುದ್ದೀನ್ ಕೂನವಿ ಕೊನ್ಯಾದಿಂದ ಖಗೋಳಜ್ಞ ದಾರ್ಶನಿಕ ನಸೀರುದ್ದೀನ್ ತೂಸಿಯವರಿಗೆ ಪತ್ರ ಬರೆದು, ವಸ್ತುಗಳ ನಿಜಸ್ವರೂಪವನ್ನು ಬುದ್ಧಿ ತನ್ನಷ್ಟಕ್ಕೆ ಅರಿಯಬಲ್ಲುದೇ ಎಂದು ಇಬ್ನ್ ಸೀನಾರ ಮಾತುಗಳನ್ನೇ ಮುಂದಿಟ್ಟು ಕೇಳಿದರು. ತೂಸಿ ಸಮಾಧಾನದಿಂದ, ವಿವರವಾಗಿ ಉತ್ತರಿಸಿದರು. ಇಬ್ಬರೂ 1274ರಲ್ಲಿ ತೀರಿಕೊಂಡರು. ಬೈಗುಳವಿಲ್ಲದೆ ನಡೆದ ಈ ಪತ್ರವ್ಯವಹಾರ ಹೆಚ್ಚು ಜನರ ಗಮನಕ್ಕೆ ಬಂದಿಲ್ಲ. ವಿವಾದದ ನಿಜವಾದ ಎತ್ತರ ತಿಳಿಯಬೇಕಾದರೆ ನೋಡಬೇಕಾದದ್ದು ಇದನ್ನೇ.

ಒಳಗಿನ ಪರಿವರ್ತನೆಗೆ ಓದು ಸಾಲದಿದ್ದರೆ ಅದಕ್ಕೆಂದೇ ಒಂದು ಜಾಗ, ಒಂದು ದಿನಚರಿ, ಒಬ್ಬ ಗುರು ಬೇಕು. ಖಾನ್ಕಾ ಹುಟ್ಟಿದ್ದು ಹೀಗೆ. ಅಬು ಸಈದ್ ಹನ್ನೊಂದನೆಯ ಶತಮಾನದಲ್ಲೇ ಖಾನ್ಕಾವಾಸಿಗಳಿಗೆ ಹತ್ತು ನಿಯಮಗಳನ್ನು ಗೊತ್ತುಮಾಡಿದ್ದರು. ಬಗ್ದಾದಿನ ಉಮರ್ ಸುಹ್ರವರ್ದಿ (1145–1234) ತಮ್ಮ 63 ಅಧ್ಯಾಯಗಳ ಅವಾರಿಫುಲ್ ಮಆರಿಫ್‌ನಲ್ಲಿ ಖಾನ್ಕಾದ ಬದುಕನ್ನು ಪೂರ್ತಿಯಾಗಿ ವಿಧಿಬದ್ಧಗೊಳಿಸಿದರು. ಗ್ರೀಕ್ ತತ್ತ್ವಶಾಸ್ತ್ರದ ವಿರುದ್ಧ ಪ್ರತ್ಯೇಕ ಗ್ರಂಥವನ್ನೂ ಬರೆದರು. ಶಿಷ್ಯ ಗುರುವಿನ ಕೈಹಿಡಿದು ಬೈಅತ್, ಅಂದರೆ ನಿಷ್ಠೆಯ ಪ್ರತಿಜ್ಞೆ, ಮಾಡಬೇಕು. ಊಟ, ನಿದ್ದೆ, ಮಾತು, ಜನಸಂಗ ಈ ನಾಲ್ಕನ್ನೂ ಇಳಿಸಬೇಕು. ಗುರು ಕೊಟ್ಟ ನಾಮವನ್ನು ಉಸಿರಿನ ಲಯಕ್ಕೆ ಕೂಡಿಸಿ ಜಿಕ್ರ್ ಮಾಡಬೇಕು. ನಲವತ್ತು ದಿನ ಇಕ್ಕಟ್ಟಾದ ಕತ್ತಲ ಕೋಣೆಯಲ್ಲಿ ಚಿಲ್ಲಾ ಕೂರಬೇಕು. ಕಂಡ ಕನಸನ್ನು ಗುರುವಿಗೆ ಒಪ್ಪಿಸಬೇಕು. ಅತಿಥಿ ಬಂದರೆ ಕಾಲಿಗೆ ನೀರು, ಹೊಟ್ಟೆಗೆ ಅನ್ನ ಕೊಡುವುದೂ ಸಾಧನೆಯ ಪಟ್ಟಿಯಲ್ಲೇ ಇತ್ತು. ಇದು ಕಸುಬಿನ ಕಲಿಕೆಯಂತೆ: ಉಸ್ತಾದನ ಪಕ್ಕ ಕುಳಿತು ಕೈ ಪಳಗಬೇಕು, ಕೈಪಿಡಿ ನೆನಪಿಗಷ್ಟೇ.

ಅವಾರಿಫ್ ಹಿಂದೂಸ್ತಾನದ ಚಿಶ್ತಿ ಪಂಥದ ಸೂಫಿಗಳಿಗೂ ಪಠ್ಯವಾಯಿತು. ದೆಹಲಿಯ ನಿಜಾಮುದ್ದೀನ್ ಔಲಿಯಾ (ಮರಣ 1325) ಓದುವ ಕಾಲದಲ್ಲಿ ಎಂಥ ಸಭೆಯಲ್ಲೂ ಎದುರಾಳಿಯ ಬಾಯಿ ಮುಚ್ಚಿಸುವ ವಾದಿಯೆಂದು ಸಹಪಾಠಿಗಳಲ್ಲಿ ಹೆಸರಾಗಿದ್ದವರು. ಪಂಜಾಬಿನ ಅಜೋಧನಕ್ಕೆ ಹೋಗಿ ಬಾಬಾ ಫರೀದರ ಶಿಷ್ಯರಾದರು. ಗುರುಗಳು ಒಂದು ದಿನ ಅವಾರಿಫ್ ಪಾಠ ಹೇಳುವಾಗ ಕೈಯಲ್ಲಿದ್ದ ಪ್ರತಿಯಲ್ಲಿ ತಪ್ಪುಗಳಿದ್ದುದರಿಂದ ತಡೆತಡೆದು ಓದುತ್ತಿದ್ದರು. ಇದಕ್ಕಿಂತ ಒಳ್ಳೆಯ ಪ್ರತಿ ಇಂಥವರ ಬಳಿ ಇದೆಯೆಂದು ನಿಜಾಮುದ್ದೀನ್ ಬಾಯಿಬಿಟ್ಟರು. ತಪ್ಪು ಪ್ರತಿಯನ್ನು ತಿದ್ದುವ ಶಕ್ತಿ ಈ ದರ್ವೇಶಿಗಿಲ್ಲವೇ ಎಂದು ಗುರುಗಳು ಮತ್ತೆ ಮತ್ತೆ ಕೇಳಿದರು. ಮಾತು ತನ್ನ ಮೇಲೆಯೇ ಎಂದು ತಿಳಿದ ಶಿಷ್ಯ ಕಾಲಿಗೆ ಬಿದ್ದರೂ ಕೋಪ ಇಳಿಯಲಿಲ್ಲ. ಅಳುತ್ತ ಹೊರಬಿದ್ದ ನಿಜಾಮುದ್ದೀನ್ ಬಾವಿಯ ಕಟ್ಟೆಯವರೆಗೂ ಹೋಗಿ ಬಂದರು. ಗುರುಗಳ ಮಗನ ಮಧ್ಯಸ್ಥಿಕೆಯಿಂದ ಕ್ಷಮೆ ಸಿಕ್ಕಿತು. ಪ್ರತಿಯ ಬಗ್ಗೆ ಅವರು ಹೇಳಿದ್ದು ನಿಜವೇ ಆಗಿತ್ತು; ದಂಡನೆಯಾದದ್ದು ವಿದ್ವಾಂಸನ ಚಪಲಕ್ಕೆ. ಇಂದಿನ ಓದುಗರಿಗೆ ಇದು ಅತಿಯೆನಿಸಿದರೆ ಆಶ್ಚರ್ಯವಿಲ್ಲ.

ದೆಹಲಿಯ ಅರಮನೆಯಲ್ಲಿ ಬೇರೆ ಗಾಳಿ ಬೀಸುತ್ತಿತ್ತು. ಮುಹಮ್ಮದ್ ಬಿನ್ ತುಘಲಕ್‌ನ ಕ್ರೌರ್ಯಕ್ಕೆ ಸಾದ್ ಮಂತಿಕಿ ಎಂಬ ತರ್ಕಪಂಡಿತ ಮತ್ತು ಅವನಂಥ ಇತರರ ಸಹವಾಸದಿಂದ ತಲೆಗೇರಿದ ತತ್ತ್ವಶಾಸ್ತ್ರವೇ ಕಾರಣವೆಂದು ಚರಿತ್ರಕಾರ ಬರನಿ ದೂರಿದ್ದಾನೆ. ಇದು ಹಳೆಯ ಆಸ್ಥಾನಿಕನ ಕಹಿ ಎಂದುಕೊಂಡರೂ, ತತ್ತ್ವಶಾಸ್ತ್ರ ಎದೆಯನ್ನು ಮೃದುಮಾಡುವುದಿಲ್ಲವೆಂಬ ಸೂಫಿ ಆಕ್ಷೇಪ ಎಷ್ಟು ದೂರ ಹಬ್ಬಿತ್ತೆಂಬುದು ಇದರಿಂದ ತಿಳಿಯುತ್ತದೆ. ಈ ಸುಲ್ತಾನ 1327ರಲ್ಲಿ ದೌಲತಾಬಾದಿಗೆ ಕಳಿಸಿದ ಕುಟುಂಬಗಳಲ್ಲಿ ಆರೇಳು ವರ್ಷದ ಸಯ್ಯದ್ ಮುಹಮ್ಮದ್ ಹುಸೇನಿಯೂ ಇದ್ದರು. ಕಲಬುರಗಿಯ ಜನ ಇಂದಿಗೂ ಬಂದೇ ನವಾಜ್ ಎಂದು ಕರೆಯುವ ಗೇಸೂದರಾಜ್ ಇವರೇ.

ದೆಹಲಿಗೆ ಮರಳಿ ಚಿಶ್ತಿ ಗುರು ನಸೀರುದ್ದೀನ್ ಚಿರಾಗ್ ದೆಹಲಿಯವರ ಉತ್ತರಾಧಿಕಾರಿಯಾದ ಗೇಸೂದರಾಜ್ 1398ರಲ್ಲಿ ತೈಮೂರನ ದಾಳಿ ಹತ್ತಿರವಾದಾಗ ಊರು ಬಿಟ್ಟು, ಗುಜರಾತ್, ದೌಲತಾಬಾದ್ ಹಾದು 1400ರ ಆಸುಪಾಸಿನಲ್ಲಿ ಕಲಬುರಗಿಗೆ ಬಂದರು. ಆಗ ಬಹಮನಿ ಸಿಂಹಾಸನದ ಮೇಲಿದ್ದವನು ಫಿರೋಜ್ ಶಾಹ್ (ಆಳ್ವಿಕೆ 1397–1422). ಜ್ಯಾಮಿತಿ, ಖಗೋಳ, ತರ್ಕಗಳಲ್ಲಿ ಪಳಗಿದ ಈ ಅರಸ ವಾರಕ್ಕೆ ಮೂರು ದಿನ ತಾನೇ ಪಾಠ ಹೇಳುತ್ತಿದ್ದನೆಂದು ಚರಿತ್ರಕಾರ ಫಿರಿಶ್ತಾ ಬರೆದಿದ್ದಾನೆ. 1407ರಲ್ಲಿ ದೌಲತಾಬಾದಿನ ಬಳಿ ವೇಧಶಾಲೆಯೊಂದನ್ನು ಕಟ್ಟಿಸಲು ಆರಂಭಿಸಿದ; ಆದರೆ ಖಗೋಳಜ್ಞ ಹಕೀಮ್ ಹಸನ್ ಗೀಲಾನಿ ತೀರಿಕೊಂಡದ್ದರಿಂದ ಅದು ಅರ್ಧಕ್ಕೇ ನಿಂತಿತು. ಸಂತರನ್ನು ಆದರದಿಂದ ಬರಮಾಡಿಕೊಂಡ ಅರಸನಿಗೆ ಮಾತಾಡಿ ನೋಡಿದ ಮೇಲೆ ಇವರು ಬುದ್ಧಿಶಾಸ್ತ್ರಗಳಲ್ಲಿ ಹಿಂದೆ ಎನಿಸಿ ಉತ್ಸಾಹ ಇಳಿಯಿತಂತೆ. ಅರಸನ ತಮ್ಮ ಅಹ್ಮದ್ ಮಾತ್ರ ಖಾನ್ಕಾದ ಭಕ್ತನಾದ. ಕೋಟೆಯ ಪಕ್ಕದ ಖಾನ್ಕಾದಲ್ಲಿ ಜನಜಂಗುಳಿ ಹೆಚ್ಚಿತೆಂಬ ಕಾರಣ ಕೊಟ್ಟು ಅರಸ ಅದನ್ನು ದೂರಕ್ಕೆ ಸಾಗಿಸಿದ. ಪಟ್ಟಕ್ಕೆ ತನ್ನ ಮಗನನ್ನು ಹರಸಲು ಕೇಳಿದಾಗ ಸಂತರು ಒಪ್ಪಲಿಲ್ಲ. 1422ರಲ್ಲಿ ಅಹ್ಮದ್ ಅಣ್ಣನನ್ನು ಇಳಿಸಿ ಅರಸನಾದ. ಅದೇ ವರ್ಷದ ನವೆಂಬರಿನಲ್ಲಿ ಗೇಸೂದರಾಜ್ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು.

ಅರಸನ ಅಂದಾಜು ನ್ಯಾಯವಾಗಿರಲಿಲ್ಲ. ಗೇಸೂದರಾಜ್ ಅರಬ್ಬಿ, ಪಾರ್ಸಿಗಳಲ್ಲಿ ಬಹಳಷ್ಟು ಬರೆದವರು. ಕುಶೈರಿಯವರ ರಿಸಾಲಾಕ್ಕೂ ಅವಾರಿಫ್‌ಗೂ ವ್ಯಾಖ್ಯಾನ ಮಾಡಿದವರು. ಅವರು ಎದುರಿಸಿದ ವಿಚಾರವಾದ ಗ್ರೀಕರದಷ್ಟೇ ಅಲ್ಲ. ಇಬ್ನ್ ಅರಬಿಯವರ ಅದ್ವಯ ಸಿದ್ಧಾಂತವನ್ನೂ ಅವರು ಕಟುವಾಗಿ ಟೀಕಿಸಿದರು. ಅನುಭಾವವೂ ಸಿದ್ಧಾಂತವಾಗಿ ಬಾಯಿಮಾತಿಗೆ ಇಳಿದಾಗ ಸಾಧನೆಯ ಕಷ್ಟ ತಪ್ಪಿಸಿಕೊಳ್ಳುವ ಜಾಣ ದಾರಿಯಾಗಬಲ್ಲುದೆಂಬ ಶಂಕೆ ಅವರಂಥ ಅನೇಕ ಖಾನ್ಕಾ ಗುರುಗಳಿಗಿತ್ತು.

ದಖ್ಖನಿನಲ್ಲಿ ಈ ಸಾಧನೆ ಪಾರ್ಸಿ ಬಲ್ಲವರ ಆಚೆಗೂ ಹೋಯಿತು. ಬಿಜಾಪುರದ ಶಾಹಪುರ ದಿಬ್ಬದ ಚಿಶ್ತಿ ಪರಂಪರೆಯಲ್ಲಿ ಬುರ್ಹಾನುದ್ದೀನ್ ಜಾನಂ 1582ರಲ್ಲಿ ಗುರುಶಿಷ್ಯರ ಪ್ರಶ್ನೋತ್ತರದ ಇರ್ಷಾದ್‌ನಾಮಾವನ್ನು ದಖನಿ ಮಾತಿನಲ್ಲಿ ಬರೆದರು. ಬೀಸುಕಲ್ಲಿನ ಚಕ್ಕಿನಾಮಾ, ರಾಟೆಯ ಚರ್ಖಾನಾಮಾ ಎಂಬ ಹಾಡುಗಳು ಹುಟ್ಟಿದವು. ಜೋಳ ಬೀಸುವ ಹೆಂಗಸು ಗೂಟ ತಿರುಗಿದಂತೆ ಜಿಕ್ರ್ ಹೇಳಿಕೊಳ್ಳುವಂತೆ, ಕಲ್ಲಿನ ಒಂದೊಂದು ಭಾಗಕ್ಕೂ ಒಂದು ತತ್ತ್ವ ಹೊಂದುವಂತೆ ಅವುಗಳ ರಚನೆ. ಅಸ್ತಿತ್ವದ ಮಟ್ಟಗಳ ಬಗ್ಗೆ ಮದ್ರಸಾದಲ್ಲಿ ವರ್ಷಗಟ್ಟಲೆ ನಡೆಯುವ ಚರ್ಚೆಯ ತಿರುಳು ಇಲ್ಲಿ ಒಂದು ಸೇರು ಜೋಳ ಹಿಟ್ಟಾಗುವಷ್ಟರಲ್ಲಿ ಹಾಡಿ ಮುಗಿಯುತ್ತಿತ್ತು.

ಇತ್ತ ಇರಾನಿನಲ್ಲಿ ಹದಿನೇಳನೆಯ ಶತಮಾನದ ಮುಲ್ಲಾ ಸದ್ರಾ ಕುಮ್ ನಗರದ ಬಳಿಯ ಕಹಕ್ ಹಳ್ಳಿಯಲ್ಲಿ ಹಲವು ವರ್ಷ ಏಕಾಂತದಲ್ಲಿದ್ದು, ಮೊದಲು ತರ್ಕದಿಂದ ತಿಳಿದದ್ದನ್ನು ಆಮೇಲೆ ನೇರವಾಗಿ ಕಂಡೆನೆಂದು ಬರೆದರು. ಅವರ ಒಂದು ವ್ಯಾಖ್ಯಾನಗ್ರಂಥ ‘ಸದ್ರಾ’ ಎಂಬ ಹೆಸರಿನಿಂದಲೇ ಭಾರತದ ಮದ್ರಸಾಗಳ ಪಠ್ಯವಾಯಿತು. ಅದನ್ನು ಪಠ್ಯಕ್ರಮದಲ್ಲಿ ನೆಲೆಗೊಳಿಸಿದವರು ಲಖನೌದ ಫಿರಂಗಿ ಮಹಲಿನ ಮುಲ್ಲಾ ನಿಜಾಮುದ್ದೀನ್ (ಮರಣ 1748). ಅವರ ಹೆಸರಿನ ದರ್ಸೆ ನಿಜಾಮಿಯಲ್ಲಿ ತರ್ಕ ಮತ್ತು ತತ್ತ್ವಶಾಸ್ತ್ರದ ಪುಸ್ತಕಗಳದೇ ಮೇಲುಗೈ. ಆದರೆ ಅವರು ಬೈಅತ್ ಮಾಡಿದ್ದು ಬಾನ್ಸಾ ಗ್ರಾಮದ ಸಯ್ಯದ್ ಅಬ್ದುಲ್ ರಜ್ಜಾಕ್ ಎಂಬ, ಹೆಚ್ಚು ಓದುಬರಹ ಬಾರದ ಕಾದರಿ ಪಂಥದ ಸಂತರಿಗೆ. ಇಂಥ ಪಂಡಿತನಿಗೆ ಇಂಥ ಗುರುವೇ ಎಂದು ಸಮಕಾಲೀನರು ಹುಬ್ಬೇರಿಸಿದರು. ಮುಲ್ಲಾ ಆ ಗುರುಗಳ ಚರಿತ್ರೆಯನ್ನು ತಾವೇ ಬರೆದರು.

ಮುಲ್ಲಾರ ಮಗ ಅಬ್ದುಲ್ ಅಲಿಗೆ ಬಹ್ರುಲ್ ಉಲೂಮ್, ವಿದ್ಯಾಸಾಗರ ಎಂಬ ಬಿರುದು ಬಂತು. ಶಹಜಹಾನ್‌ಪುರ, ರಾಮಪುರ, ಬಂಗಾಳದ ಬುಹಾರ್ ಸುತ್ತಿ, ಆರ್ಕಾಟಿನ ನವಾಬ ಮುಹಮ್ಮದ್ ಅಲಿ ವಾಲಾಜಾಹ್‌ನ ಆಹ್ವಾನಕ್ಕೆ ಅವರು ಮದರಾಸಿಗೆ ಬಂದರು. ತರ್ಕದ ಕಠಿಣ ಪಠ್ಯವಾದ ಸುಲ್ಲಮ್‌ಗೆ ಅವರು ಬರೆದ ವ್ಯಾಖ್ಯಾನವನ್ನು ದಕ್ಷಿಣದ ಮದ್ರಸಾಗಳು ಓದಿಸಿದವು. ರೂಮಿಯ ಮಸ್ನವಿಗೆ ಇಬ್ನ್ ಅರಬಿಯವರ ದೃಷ್ಟಿಯಿಂದ ಅವರು ಬರೆದ ಪಾರ್ಸಿ ವ್ಯಾಖ್ಯಾನವನ್ನು ಖಾನ್ಕಾಗಳು ಓದಿದವು. 1810ರಲ್ಲಿ ತೀರಿಕೊಂಡ ಅವರ ಸಮಾಧಿ ಚೆನ್ನೈನ ಟ್ರಿಪ್ಲಿಕೇನಿನ ವಾಲಾಜಾಹ್ ಮಸೀದಿಯ ಆವರಣದಲ್ಲಿದೆ.